ನೂರು ಮೀಟರಿನ ಒಳಗೆ

ಏಪ್ರಿಲ್ 12, 2003, ಶನಿವಾರ

ರಕ್ತದೊತ್ತಡ ನೋಡುವ ಡಾಕ್ಟರು ಹೇಳಿದ್ದಾರೆ, ಕೋಪ ಬಂದಾಗ ಕೂಗಬೇಡಿ, ಬರೆಯಿರಿ ಎಂದು. ಬರೆಯಲು ನನಗೆ ಬರುತ್ತದೆ. ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ ಇವತ್ತಿಗೂ ಹಜಾರದ ಗೋಡೆಯ ಮೇಲಿದೆ, ಮೆಕ್ಕಾದ ಚಿತ್ರದ ಪಕ್ಕದಲ್ಲಿ. ಆದ್ದರಿಂದ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಒಗೆದ ಬಟ್ಟೆ ಹರವಲು ಬಾಲ್ಕನಿಗೆ ಹೋದರೆ, ನನ್ನ ಮನೆಯಿಂದ ಒಂದು ನೀಲಿ ತಂತಿ ಹೊರಟು, ರಾಟೆಯ ಹಗ್ಗದ ಗುಂಟ ಗಲ್ಲಿ ದಾಟಿ, ಎದುರು ಕಟ್ಟಡದ ಮೂರನೇ ಮಹಡಿಯ ಕಿಟಕಿಯೊಳಗೆ ಹೋಗಿತ್ತು. ನನ್ನನ್ನು ಕೇಳದೆ ಈ ಮನೆಯಿಂದ ಈರುಳ್ಳಿ ಸಿಪ್ಪೆಯೂ ಹೊರಗೆ ಹೋಗುವುದಿಲ್ಲ. ತಂತಿ ಹೋಗಿದೆ. ಅದೂ ಆ ಮನೆಗೆ.

ಆ ಮನೆ ನನ್ನ ತಂಗಿ ರತೀಬಾಳದು. ನಮ್ಮಿಬ್ಬರಿಗೆ ಮೂರು ವರ್ಷದಿಂದ ಮಾತಿಲ್ಲ. ಇದು ಅಲೆಕ್ಸಾಂಡ್ರಿಯಾದ ಈ ಮುಹರ್ರಂ ಬೇ ಬಡಾವಣೆಗೆಲ್ಲ ಗೊತ್ತು. ಬೆಂದ ಕಾಳು ಮಾರುವ ಹುರುಳಿಗಾಡಿಯವನು ಕೂಡ ನಾನು ಬಾಲ್ಕನಿಯಲ್ಲಿದ್ದರೆ ಅವಳ ಹೆಸರು ಹಿಡಿದು ಕೂಗುವುದಿಲ್ಲ. ಎರಡೂ ಬಾಲ್ಕನಿಯ ರಾಟೆಗಳನ್ನು ಸುತ್ತಿ ಮೇಲೊಂದು ಕೆಳಗೊಂದು ಸಾಲಾಗಿ ಓಡುವ ಈ ಹಗ್ಗ ಹಿಂದೆ ನಾವೇ ಹಾಕಿಸಿದ್ದು, ಬುಟ್ಟಿಯಲ್ಲಿ ಊಟ ಕಳಿಸಿಕೊಳ್ಳಲು. ಬಿಚ್ಚಲು ಪುರುಸೊತ್ತಾಗಿಲ್ಲ, ಅಷ್ಟೆ.

ಮೊಮ್ಮಗಳು ನೆರ್ಮೀನಳನ್ನು ಕರೆದೆ.

“ಏನಿದು?”

“ಕೇಬಲ್ ಅಜ್ಜಿ.”

“ಕಣ್ಣಿದೆ ನನಗೆ. ಯಾಕಿದು?”

“ನೆಟ್‌ವರ್ಕ್. ನಮ್ಮ ಕಂಪ್ಯೂಟರು, ರದ್ವಾ ಕಂಪ್ಯೂಟರು ಎರಡನ್ನೂ ಸೇರಿಸಿದೀವಿ. ಅವಳ ಹತ್ರ ಇರೋದು ನನಗೆ ಕಾಣತ್ತೆ, ನನ್ನ ಹತ್ರ ಇರೋದು ಅವಳಿಗೆ ಕಾಣತ್ತೆ.”

“ನಮ್ಮ ಮನೇಲಿರೋದು ಅವರಿಗೆ ಯಾಕೆ ಕಾಣಬೇಕು?”

“ಮನೇಲಿರೋದಲ್ಲ ಅಜ್ಜಿ, ನೋಟ್ಸು. ಪರೀಕ್ಷೆಗೆ.”

ರದ್ವಾ ಎಂದರೆ ರತೀಬಾಳ ಮೊಮ್ಮಗಳು. ಹುಡುಗಿಯರಿಬ್ಬರೂ ಒಂದೇ ತರಗತಿ. ಜೂನಿನಲ್ಲಿ ಇಬ್ಬರಿಗೂ ಸರ್ಕಾರದ ಅಂತಿಮ ಪರೀಕ್ಷೆ. ಆ ಪರೀಕ್ಷೆಗೆ ಕೂರುವುದು ಒಬ್ಬಳೇ ಆದರೂ ನಿದ್ದೆಗೆಡುವುದು ಇಡೀ ಮನೆ. ಟೀವಿಗೆ ಆಗಲೇ ಬಟ್ಟೆ ಹೊದಿಸಿದ್ದೇನೆ.

“ಈ ತಂತಿ ಎಲ್ಲಿ ತನಕ ಹೋಗತ್ತೆ?” ಎಂದು ಕೇಳಿದೆ.

“ನೂರು ಮೀಟರ್. ಅದಕ್ಕಿಂತ ಉದ್ದ ಎಳೆದ್ರೆ ಏನೂ ತಲುಪಲ್ಲ.”

“ನೂರು ಮೀಟರಲ್ಲಿ ಈ ಗಲ್ಲಿ ಅಷ್ಟೂ ಸಿಗತ್ತೆ. ನಿನಗೆ ಸಿಕ್ಕಿದ್ದು ಅದೊಂದೇ ಮನೆಯೇನೆ?”

ಮೀನಿನ ಕತ್ತರಿ ತಂದು ತಂತಿಯನ್ನು ಕತ್ತರಿಸಿದೆ. ಎದುರು ಕಿಟಕಿಯ ಪರದೆ ಒಮ್ಮೆ ಅಲುಗಿತು. ಅಲುಗಲಿ.

ಏಪ್ರಿಲ್ 13

ನೆರ್ಮೀನ್ ಊಟ ಬಿಟ್ಟಿದ್ದಾಳೆ. ಸೊಸೆ ಸೌಸನ್ ನನ್ನ ಮುಂದೆ ಬಟ್ಟಲು ಇಡುವಾಗ ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ ಇಡುತ್ತಾಳೆ. ಮಗ ಮಮ್ದೂಹ್ ಟ್ರಾಮ್ ಕಚೇರಿಯಿಂದ ಬಂದು, “ಅಮ್ಮ ಏನಾದರೂ ಮಾಡಿದ್ರೆ ಅದಕ್ಕೆ ಕಾರಣ ಇರತ್ತೆ” ಎಂದು ಹೇಳಿ ಸ್ನಾನದ ಮನೆ ಸೇರಿ ಬಾಗಿಲು ಹಾಕಿಕೊಂಡ.

ಅಡುಗೆಮನೆಯಲ್ಲಿ ಚೀಸಿನ ಡಬ್ಬಿಯ ಮುಚ್ಚಳ ಸರಿಯಾಗಿ ಮುಚ್ಚಿರಲಿಲ್ಲ, ನೆಲದ ಮೇಲೆ ರೊಟ್ಟಿಯ ಚೂರುಗಳಿದ್ದವು. ಊಟ ಬಿಡುವುದನ್ನೂ ಈ ಕಾಲದವರಿಗೆ ಸರಿಯಾಗಿ ಮಾಡಲು ಬರುವುದಿಲ್ಲ.

ಏಪ್ರಿಲ್ 17, ಗುರುವಾರ

ತಂತಿಗೆ ಅನುಮತಿ ಕೊಟ್ಟಿದ್ದೇನೆ. ಇದು ಸೋಲಲ್ಲ. ಕಾರಣ ಬರೆದಿಡುತ್ತೇನೆ.

ಭೌತಶಾಸ್ತ್ರದ ಮೇಷ್ಟ್ರು ಪಾಠವನ್ನೆಲ್ಲ ಒಂದು ಸಿ.ಡಿ.ಯಲ್ಲಿ ಹಾಕಿ ಕೊಟ್ಟಿದ್ದಾರೆ. ನಮ್ಮ ಕಂಪ್ಯೂಟರಿಗೆ ಸಿ.ಡಿ. ಹಾಕುವ ಬಾಯಿ ಕೆಟ್ಟಿದೆ. ಅವರ ಮನೆಯಲ್ಲಿ ಸಿ.ಡಿ. ಓಡುತ್ತದೆ, ಆದರೆ ಪ್ರಿಂಟರಿಲ್ಲ. ಪ್ರಿಂಟರು ನಮ್ಮಲ್ಲಿದೆ.

“ಅರ್ಧ ಅಲ್ಲಿದೆ, ಅರ್ಧ ಇಲ್ಲಿದೆ” ಎಂದಳು ಸೌಸನ್ ಬೀನ್ಸಿನ ನಾರು ತೆಗೆಯುತ್ತಾ. “ಈ ಗಲ್ಲೀಲಿ ಇದೇನು ಹೊಸದಲ್ಲ ಬಿಡಿ ಅತ್ತೆ.”

ಅವಳು ಯಾವುದನ್ನು ಕುರಿತು ಹೇಳಿದಳೆಂದು ನನಗೆ ಗೊತ್ತು. ನಮ್ಮ ಅಮ್ಮ ತೀರಿಕೊಂಡು ನಲವತ್ತನೇ ದಿನ, ಹಿರಿಯಳಾದ ನಾನು ಅಮ್ಮನ ತಾಮ್ರದ ಪಾತ್ರೆ ತಂದೆ. ಅಮ್ಮ ಮುಲುಖಿಯಾ ಸೊಪ್ಪಿನ ಸಾರು ಮಾಡುತ್ತಿದ್ದದ್ದು ಅದರಲ್ಲೇ. ಮನೆಗೆ ಬಂದು ನೋಡಿದರೆ ಪಾತ್ರೆಯೊಳಗೆ ಸೊಪ್ಪು ಕೊಚ್ಚುವ ಎರಡು ಹಿಡಿಯ ಬಾಗುಗತ್ತಿ ಇಲ್ಲ. ರತೀಬಾ ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗಿದ್ದಳು. ಕತ್ತಿ ಕಳಿಸು ಎಂದೆ. ಮೊದಲು ಪಾತ್ರೆ ಕಳಿಸು ಎಂದಳು. ಅಲ್ಲಿಗೆ ಮಾತು ನಿಂತಿತು. ಅಂದಿನಿಂದ ನಾನು ಸೊಪ್ಪನ್ನು ಚಾಕುವಿನಲ್ಲಿ ಕೊಚ್ಚುತ್ತೇನೆ. ಅವಳು ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಿಸುತ್ತಾಳೆ ಎಂದು ಕೇಳಿದ್ದೇನೆ. ಬೇಯಿಸಲಿ.

ನಾನು ಹಾಕಿದ ಷರತ್ತುಗಳಿವು. ಕಂಪ್ಯೂಟರು ನೆರ್ಮೀನಳ ಕೋಣೆಯಿಂದ ಹೊರಗೆ ಬಂದು ಅಡುಗೆಮನೆಯ ಬಾಗಿಲ ಪಕ್ಕ, ನನ್ನ ಕಣ್ಣೆದುರು ಇರಬೇಕು. ಕಿವಿಗೆ ಏನನ್ನೋ ಸಿಕ್ಕಿಸಿಕೊಂಡು ಗುಟ್ಟಾಗಿ ಮಾತಾಡುವಂತಿಲ್ಲ. ಸದ್ದು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಬೇಕು. ತಂತಿಯನ್ನು ಹಗ್ಗಕ್ಕೆ ಗೇಣಿಗೊಂದರಂತೆ ಬಟ್ಟೆಯ ಕ್ಲಿಪ್ಪು ಹಾಕಿ ಬಿಗಿಯಬೇಕು, ಕರುಳಿನ ಹಾಗೆ ಜೋತಾಡಬಾರದು.

ತುಂಡಾದ ತಂತಿಯ ಬದಲು ಹೊಸದು ಬಂತು. ಅದರ ತುದಿಗೆ ಪ್ಲಗ್ಗು ಹಾಕುವಾಗ ಹಿಡಿದುಕೊಳ್ಳಲು ನೆರ್ಮೀನ್ ನನ್ನನ್ನು ಕೂರಿಸಿದಳು. ಸಿಪ್ಪೆ ಸುಲಿದರೆ ಒಳಗೆ ಎಂಟು ಎಳೆ, ಜೋಡಿ ಜೋಡಿಯಾಗಿ ಹೆಣೆದುಕೊಂಡಿವೆ. ಅವನ್ನು ಬಿಡಿಸಿ ಸಾಲಾಗಿ ಜೋಡಿಸಬೇಕು: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು.

“ತಪ್ಪು ಹಾಕ್ತಿದೀಯ” ಎಂದೆ. “ಕಿತ್ತಳೆ ಜೋಡಿ ಒಟ್ಟಿಗಿದೆ, ಕಂದು ಜೋಡಿ ಒಟ್ಟಿಗಿದೆ. ಹಸಿರನ್ನ ಮಾತ್ರ ಯಾಕೆ ಅಗಲಿಸಿದೆ? ಮಧ್ಯ ನೀಲಿ ಬಂದು ಕೂತಿದೆ.”

“ಅದು ಹಾಗೇ ಇರಬೇಕು ಅಜ್ಜಿ.”

“ಯಾರು ಹೇಳಿದ್ದು?”

“ಯಾರೂ ಹೇಳಿದ್ದಲ್ಲ. ಹಾಗಿದ್ರೇನೇ ಕೆಲಸ ಮಾಡೋದು.”

ಸಂಸಾರ ನಡೆಸಿ ಗೊತ್ತಿಲ್ಲದವರು ಮಾಡಿದ ಏರ್ಪಾಡು.

ಏಪ್ರಿಲ್ 22

ಇವತ್ತು ಹುಡುಗಿಯರು ಮೈಕಿನಲ್ಲಿ ಮಾತಾಡುತ್ತಾ ಓದಿದರು. ಫೋನಿನ ಬಿಲ್ಲು ಬರುವುದಿಲ್ಲವಂತೆ. ನಾನು ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಕೇಳಿಸಿಕೊಳ್ಳುತ್ತಿರಲಿಲ್ಲ, ಕಿವಿಗೆ ಬೀಳುತ್ತಿತ್ತು.

ರದ್ವಾಳ ದನಿಯ ಹಿಂದೆ ಅವರ ಮನೆಯಿಡೀ ಕೇಳುತ್ತದೆ. ರೇಡಿಯೋ ಈಗಲೂ ಅಷ್ಟೇ ಜೋರು. ರತೀಬಾಳಿಗೆ ಎಡಗಿವಿ ಚಿಕ್ಕಂದಿನಿಂದ ಮಂದ, ಒಪ್ಪಿಕೊಳ್ಳುವುದಿಲ್ಲ. ಯಾರೋ ಅಕ್ಕಿ ತೊಳೆದರು, ಎರಡೇ ನೀರು. ಅಮ್ಮ ಮೂರು ನೀರು ತೊಳೆಯುತ್ತಿದ್ದಳು.

ಆರಿಸಿದ ಅಕ್ಕಿಯನ್ನೇ ನಾನು ಮತ್ತೆ ಆರಿಸುತ್ತಿದ್ದೇನೆ ಎಂದು ಸೌಸನ್ ಹೇಳಿದಳು. ಕಲ್ಲಿದ್ದವು.

ಏಪ್ರಿಲ್ 28, ಸೋಮವಾರ

ವಸಂತದ ಹಬ್ಬ. ಎಲ್ಲರೂ ಉಪ್ಪುಮೀನು, ಈರುಳ್ಳಿ, ಬಣ್ಣ ಹಚ್ಚಿದ ಮೊಟ್ಟೆ ಕಟ್ಟಿಕೊಂಡು ಸಮುದ್ರದ ಕಡೆ ಹೋದರು. ಉಪ್ಪುಮೀನು ನನ್ನ ರಕ್ತದೊತ್ತಡಕ್ಕೆ ಆಗದು, ನಾನು ಉಳಿದೆ. ನೆರ್ಮೀನ್ ಕಂಪ್ಯೂಟರನ್ನು ಆರಿಸದೆ ಹೋಗಿದ್ದಳು. ಆ ಕಡೆ ರದ್ವಾಳೂ ಹಾಗೇ ಹೋಗಿರಬೇಕು, ಏಕೆಂದರೆ ಸ್ಪೀಕರಿನಿಂದ ಎಳೆ ಈರುಳ್ಳಿ ಕಚ್ಚಿ ಅಗಿಯುವ ಸದ್ದು ಬರುತ್ತಿತ್ತು. ಅಷ್ಟು ಜೋರಾಗಿ ಈರುಳ್ಳಿ ತಿನ್ನುವವಳು ಅಲೆಕ್ಸಾಂಡ್ರಿಯಾದಲ್ಲಿ ಒಬ್ಬಳೇ.

ಅವಳೂ ಹಬ್ಬಕ್ಕೆ ಹೋಗಿಲ್ಲ. ಮಂಡಿ ನೋವಿರಬೇಕು.

ಈ ಮನೆಯಲ್ಲಿ ಯಜಮಾನಿ ಇದ್ದಾಳೆ ಎಂದು ಗೊತ್ತಾಗಲಿ ಎಂದು ಕುರ್ಚಿಯನ್ನು ಎಳೆದು ಕೂತೆ. ಅಗಿಯುವ ಸದ್ದು ನಿಂತಿತು. ನಾನು ಒಮ್ಮೆ ಕೆಮ್ಮಿದೆ. ಸ್ವಲ್ಪ ಹೊತ್ತಿಗೆ ಅವಳೂ ಒಮ್ಮೆ ಕೆಮ್ಮಿದಳು. ನಾನು ಎರಡು ಸಲ ಕೆಮ್ಮಿದೆ. ಅವಳು ಎರಡು ಸಲ ಕೆಮ್ಮಿ, ಕೊನೆಗೆ ಗಂಟಲನ್ನೂ ಸರಿ ಮಾಡಿಕೊಂಡಳು. ಚಿಕ್ಕಂದಿನಿಂದ ಹೀಗೇ, ನಾನು ಮಾಡಿದ್ದಕ್ಕೆ ಒಂದು ಬಾಲ ಸೇರಿಸುವುದು.

ಸಂಜೆಯ ತನಕ ಇಬ್ಬರೂ ಹಾಗೇ ಕೂತಿದ್ದೆವು. ಮಾತಾಡಿಲ್ಲ. ಎದ್ದು ಹೋಗಿಯೂ ಇಲ್ಲ. ಮೊದಲು ಎದ್ದರೆ ಸೋತಂತೆ.

ಒಳ್ಳೆಯ ಹಬ್ಬ.

ಮೇ 6

ಪರೀಕ್ಷೆ ಮುಗಿದ ಮೇಲೆ ಅವರು ಮನೆ ಖಾಲಿ ಮಾಡುತ್ತಾರಂತೆ. ರತೀಬಾಳ ಮಗ ಇಸಾಮ್ ಕೆಲಸ ಮಾಡುವ ಕಾರ್ಖಾನೆ ಊರಿಂದ ನಲವತ್ತು ಐವತ್ತು ಕಿಲೋಮೀಟರ್ ದೂರದ ಬುರ್ಗ್ ಅಲ್ ಅರಬ್‌ನಲ್ಲಿದೆ, ಅಲ್ಲೇ ಹೊಸ ಮನೆ ಹಿಡಿದಿದ್ದಾನೆ. ರದ್ವಾ ಸ್ಪೀಕರಿನಲ್ಲಿ ನೆರ್ಮೀನಳಿಗೆ ಹೇಳುತ್ತಿದ್ದಳು. ತಾಯಿಯನ್ನೂ ಕರೆದುಕೊಂಡು ಹೋಗುತ್ತಾನೆ.

ಒಳ್ಳೆಯದೇ. ಅಲ್ಲಿ ಲಿಫ್ಟ್ ಇದೆಯಂತೆ.

ಮೇ 7

ನೆರ್ಮೀನಳನ್ನು ಕೇಳಿದೆ, ಈ ತಂತಿ ಎಷ್ಟು ದೂರ ಹೋಗುತ್ತದೆಂದು.

“ಎಷ್ಟು ಸಲ ಕೇಳ್ತೀರಾ ಅಜ್ಜಿ? ನೂರು ಮೀಟರ್.”

“ಆಮೇಲೆ ಗಂಟು ಹಾಕಿದ್ರೆ?”

“ಗಂಟು ಹಾಕೋ ಹಾಗಿಲ್ಲ. ಮಧ್ಯ ಒಂದು ಡಬ್ಬಿ ಇಟ್ಟು, ಅಲ್ಲಿಂದ ಇನ್ನೊಂದು ನೂರು ಮೀಟರ್ ಎಳೀಬಹುದು.”

“ಆಮೇಲೆ ಇನ್ನೊಂದು ಡಬ್ಬಿ.”

“ಹೌದು. ಎಲ್ಲಿಗೆ ಎಳೀಬೇಕು ಅಜ್ಜಿ?”

“ಎಲ್ಲಿಗೂ ಇಲ್ಲ. ಬುರ್ಗ್ ಅಲ್ ಅರಬ್‌ಗೆ ಅಂತಿಟ್ಕೋ, ಮಾತಿಗೆ.”

ಅವಳು ಪೆನ್ಸಿಲು ಕಚ್ಚಿಕೊಂಡು ಲೆಕ್ಕ ಹಾಕಿದಳು. “ನೂರಾರು ಡಬ್ಬಿ ಬೇಕು. ಮಧ್ಯ ಬರೀ ಉಪ್ಪಿನ ಕೆರೆ, ಮರಳು. ಡಬ್ಬಿ ಎಲ್ಲಿಡ್ತೀರಾ?”

“ಕುರಿ ಕಾಯೋರಿರಲ್ವಾ? ಅವರ ಡೇರೇಲಿ ಇಡೋದು.”

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಪರೀಕ್ಷೆಗೆ ಓದುವ ಹುಡುಗಿ ಹಾಗೆ ಕಾಲ ಕಳೆಯಬಾರದೆಂದು ಗದರಿದೆ.

ಮೇ 15, ಗುರುವಾರ

ಡಬ್ಬಿಯೊಂದು ಬಂದೇ ಬಂತು, ಆದರೆ ಬೇರೆ ಕಾರಣಕ್ಕೆ. ಐದನೇ ಮಹಡಿಯ ಹಲ್ಲಿನ ಡಾಕ್ಟರ ಹೆಂಡತಿ ಮದಾಮ್ ಶೆರೀಫಾ, ಕೆಳಗಿನ ದರ್ಜಿ, ಇನ್ನೂ ಒಂದೆರಡು ಮನೆಯವರು, ನಮ್ಮನ್ನೂ ಸೇರಿಸಿಕೊಳ್ಳಿ ಎಂದು ದುಂಬಾಲು ಬಿದ್ದರು. ಅವರ ಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಕೂತು ಕಂಪ್ಯೂಟರಿನ ಯುದ್ಧದಾಟದಲ್ಲಿ ಒಬ್ಬರ ಟ್ಯಾಂಕನ್ನು ಒಬ್ಬರು ಸುಡುತ್ತಾರಂತೆ. ಎಂಟು ಕಿಂಡಿಯ ಡಬ್ಬಿ. ಅದನ್ನು ನನ್ನ ಫ್ರಿಜ್ಜಿನ ಮೇಲೆ ಇರಿಸಿದೆ. ಒಂದೊಂದು ತಂತಿಗೂ ಬಿಳಿ ಬಟ್ಟೆಪಟ್ಟಿ ಸುತ್ತಿ ಹೆಸರು ಬರೆದೆ.

ನಿಯಮಗಳನ್ನೂ ಹೇಳಿಬಿಟ್ಟೆ. ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಟ್ಯಾಂಕು ಸುಡುವಂತಿಲ್ಲ. ಅಜಾನ್ ಆದಾಗ ನಿಲ್ಲಿಸಬೇಕು. ಮೆಟ್ಟಿಲ ಮೇಲೆ ಕಸ ಬಿಟ್ಟವರ ಕಿಂಡಿ ಖಾಲಿಯಾಗುತ್ತದೆ.

ಇವತ್ತು ಮದಾಮ್ ಶೆರೀಫಾ ಕೆಳಗಿಳಿದು ಬಂದಿದ್ದರು.

“ಹಾಜಿಯಮ್ಮ, ನಮ್ಮನೆ ನೆಟ್‌ವರ್ಕ್ ಹೋಗಿದೆ.”

“ಹೋಗಿಲ್ಲ. ನಾನೇ ತೆಗೆದಿದೀನಿ.”

“ಅಯ್ಯೋ, ಯಾಕೆ?”

“ನಿಮ್ಮ ಜಮಖಾನೆ ಕೊಡವಿದ ಧೂಳು ನನ್ನ ಹಾಸಿಗೆ ಬಟ್ಟೆ ಮೇಲೆ ಬಂತು. ಧೂಳು ಕೆಳಗೆ ಬರೋದು ನಿಂತ್ರೆ, ಟ್ಯಾಂಕು ಮೇಲೆ ಹೋಗತ್ತೆ.”

ಸಂಜೆಗೆ ಒಂದು ತಟ್ಟೆ ಬಸ್ಬೂಸಾ ಮಿಠಾಯಿ ಕಳಿಸಿ ಕ್ಷಮೆ ಕೇಳಿದರು. ಇಪ್ಪತ್ತು ವರ್ಷದಿಂದ ನಾನು ಕೂಗಿ ಮಾಡಿಸಲಾಗದ್ದನ್ನು ಈ ಡಬ್ಬಿ ಒಂದು ಮಧ್ಯಾಹ್ನದಲ್ಲಿ ಮಾಡಿಸಿತು. ಇದನ್ನು ಕಂಡುಹಿಡಿದವರು ತಲೆಯಿರುವವರು.

“ಅತ್ತೆ, ಎದುರು ಮನೆ ತಂತಿ ಮಾತ್ರ ನೀವು ಒಂದು ಸಲಾನೂ ಕಿತ್ತಿಲ್ಲ” ಎಂದಳು ಸೌಸನ್.

“ಪರೀಕ್ಷೆ ಇದೆ.”

“ಹೌದು, ಪರೀಕ್ಷೆ” ಎಂದು ಅವಳು ಬಸ್ಬೂಸಾ ಬಾಯಿಗೆ ಹಾಕಿಕೊಂಡಳು. ಅವಳ ಬಾಯಿ ತುಂಬಿದ್ದಾಗಲೇ ಅವಳ ಮಾತು ಹೆಚ್ಚು ಅರ್ಥವಾಗುವುದು.

ಮೇ 19

ಅವರ ಬಾಲ್ಕನಿಯಲ್ಲಿ ರಟ್ಟಿನ ಪೆಟ್ಟಿಗೆಗಳು ಕಾಣಿಸಿಕೊಂಡಿವೆ. ಇಸಾಮ್ ಹಗ್ಗ ಕಟ್ಟುವುದು ನೋಡಿದೆ. ಗಾಜಿನ ಸಾಮಾನಿನ ಪೆಟ್ಟಿಗೆಯನ್ನು ಹಾಗೆ ಕಟ್ಟಬಾರದು.

ಮೇ 23, ಶುಕ್ರವಾರ

ಸಂತೆಯಲ್ಲಿ ಮುಲುಖಿಯಾ ಚೆನ್ನಾಗಿತ್ತು. ಎಲೆ ಬಿಡಿಸಿ, ತೊಳೆದು, ಆರಿಸಿ, ಚಾಕುವಿನಲ್ಲಿ ಕೊಚ್ಚಿದೆ. ಗಂಡಸರು ಜುಮ್ಮಾ ನಮಾಜಿಗೆ ಹೋಗಿದ್ದರು, ನೆರ್ಮೀನ್ ಸ್ನಾನಕ್ಕೆ ಹೋಗಿದ್ದಳು. ಅಮ್ಮನ ತಾಮ್ರದ ಪಾತ್ರೆಯಲ್ಲಿ ಮೊಲದ ಸಾರು ಕುದಿಯುತ್ತಿತ್ತು. ಸೊಪ್ಪು ಹಾಕಿದೆ. ಇನ್ನೊಂದು ಒಲೆಯ ಮೇಲೆ ತುಪ್ಪದಲ್ಲಿ ಬೆಳ್ಳುಳ್ಳಿ, ಕೊತ್ತಂಬರಿ ಬೀಜ ಕೆಂಪಗಾದವು.

ಮುಲುಖಿಯಾಕ್ಕೆ ಒಗ್ಗರಣೆ ಬೀಳುವಾಗ ಮಾಡುವವಳು ಬೆಚ್ಚಿಬಿದ್ದವಳಂತೆ ಜೋರಾಗಿ ಉಸಿರು ಒಳಗೆಳೆದುಕೊಳ್ಳಬೇಕು. ಎಳೆಯದಿದ್ದರೆ ಸಾರಿಗೆ ರುಚಿಯಿಲ್ಲ, ಸೊಪ್ಪು ತಳ ಸೇರುತ್ತದೆ. ನಾನು ಎಳೆದೆ. ಒಗ್ಗರಣೆ ಸುರಿದೆ. ಚುಂಯ್ ಎಂದಿತು.

“ಬೇಗ ಆಯ್ತು.”

ಸೌಟು ಕೈಯಲ್ಲೇ ನಿಂತಿತು. ಮಾತು ಬಂದದ್ದು ಸ್ಪೀಕರಿನಿಂದ.

“ಉಸಿರು ಮೊದಲು, ಚುಂಯ್ ಆಮೇಲೆ ಕೇಳಿಸ್ತು” ಎಂದಳು ರತೀಬಾ. “ಒಗ್ಗರಣೆ ಬಿದ್ದ ಮೇಲೆ ಎಳೀಬೇಕು. ಅಮ್ಮ ಹಾಗೇ ಮಾಡ್ತಿದ್ದಿದ್ದು.”

ಮೂರು ವರ್ಷದ ಮೇಲೆ ಅವಳು ಆಡಿದ ಮೊದಲ ಮಾತು ಇದು.

“ಬೀಳೋವಾಗ ಎಳೀತಿದ್ದಳು” ಎಂದೆ. “ನೀನು ಆಗ ಮೇಜಿನ ಕೆಳಗೆ ಕೂತು ಅಂಗಡಿ ಆಟ ಆಡ್ತಿದ್ದೆ. ನಿನಗೇನು ಗೊತ್ತು?”

“ಮೇಜಿನ ಕೆಳಗೂ ಕಿವಿ ಕೇಳಿಸತ್ತೆ.”

“ನಿನ್ನ ಎಡಗಿವೀನಾ?”

ಆ ಕಡೆ ರೇಡಿಯೋ ಸಣ್ಣಗಾಯಿತು. ಆಮೇಲೆ: “ಸೊಪ್ಪನ್ನೂ ಚಾಕುವಿನಲ್ಲಿ ಕೊಚ್ಚಿದೀಯ. ಬೆಳಿಗ್ಗೆಯಿಂದ ಟಕ್ ಟಕ್ ಟಕ್. ಸೌತೆಕಾಯಿ ಹೆಚ್ಚಿದ ಹಾಗೆ. ಕೇಳಿ ಕೇಳಿ ನನಗೇ ನಾಚಿಕೆ ಆಯ್ತು.”

“ಕತ್ತಿ ಯಾರ ಹತ್ತಿರ ಇದೆ?”

“ಪಾತ್ರೆ ಯಾರ ಹತ್ತಿರ ಇದೆ?”

ಸೌಟಿನಿಂದ ಪಾತ್ರೆಯ ಅಂಚಿಗೆ ಎರಡು ಸಲ ಬಡಿದೆ, ಅವಳಿಗೆ ಕೇಳಿಸಲಿ ಎಂದು. ಸೌಸನ್ ಕೈಯಲ್ಲಿ ತಟ್ಟೆಗಳನ್ನು ಹಿಡಿದು ಬಾಗಿಲಲ್ಲಿ ಕಲ್ಲಿನಂತೆ ನಿಂತಿದ್ದಳು. “ಏನು ನೋಡ್ತೀಯಾ? ಅನ್ನ ಬಡಿಸು” ಎಂದೆ.

ಸಾರು ಚೆನ್ನಾಗಿತ್ತು. ಸೊಪ್ಪು ಸ್ವಲ್ಪ ತಳ ಸೇರಿತ್ತು. ಅದು ಸೊಪ್ಪಿನ ತಪ್ಪು.

ಮೇ 24

ಮನೆಯವರೆಲ್ಲ ನಾನು ಅವಳೊಂದಿಗೆ ಮಾತಾಡಿದೆ ಎಂದು ಗುಸುಗುಸು ಮಾಡುತ್ತಿದ್ದಾರೆ. ನಾನು ಮಾತಾಡಿಲ್ಲ. ಉತ್ತರ ಕೊಟ್ಟೆ. ಅದು ಬೇರೆ.

ಮೇ 27

ಇವತ್ತು ಕೂಡ ಉತ್ತರ ಕೊಟ್ಟೆ. ಅವಳು ಗಾಜಿನ ಲೋಟಗಳನ್ನು ಹಳೆ ಪತ್ರಿಕೆಯಲ್ಲಿ ಸುತ್ತುತ್ತಿದ್ದಳು, ಒಂದು ಒಡೆಯಿತು. “ಟವೆಲಲ್ಲಿ ಸುತ್ತು” ಎಂದೆ. “ಟವೆಲೆಲ್ಲ ಕಟ್ಟಿ ಆಯ್ತು” ಎಂದಳು. “ಹಾಗಾದ್ರೆ ಬಿಚ್ಚು” ಎಂದೆ. “ನೀನು ಹೇಳಿದ್ದಕ್ಕೆ ನಾನು ಪೆಟ್ಟಿಗೆ ಬಿಚ್ಚಬೇಕಾ?” ಎಂದಳು. ಸಂಜೆಗೆ ಇಸಾಮ್ ತಾಯಿಯ ಮೇಲೆ ಕೂಗುವುದು ಕೇಳಿಸಿತು: “ಕಟ್ಟಿದ್ದನ್ನೆಲ್ಲ ಯಾಕಮ್ಮ ಬಿಚ್ಚಿದ್ದು?”

ಮೇ 30, ಶುಕ್ರವಾರ

ಕೊಚ್ಚಿ ಕೊಚ್ಚಿ ತೋಳು ಸೋತಿದೆ. ಆದರೂ ಎಲ್ಲ ಬರೆಯಬೇಕು.

ಬೆಳಿಗ್ಗೆ ಸೊಪ್ಪು ಬಿಡಿಸಿ ಚಾಕು ತೆಗೆಯುವ ಹೊತ್ತಿಗೆ ಸ್ಪೀಕರು ಹೇಳಿತು: “ಚಾಕು ಕೆಳಗಿಡು. ಬುಟ್ಟಿ ಬರ್ತಿದೆ.”

ಬಾಲ್ಕನಿಗೆ ಹೋದೆ. ಎದುರು ಬಾಲ್ಕನಿಯಲ್ಲಿ ಅವಳು ಪೆಟ್ಟಿಗೆಗಳ ಮಧ್ಯೆ ನಿಂತು, ಹಳೆಯ ಬುಟ್ಟಿಯನ್ನು ರಾಟೆಯ ಹಗ್ಗಕ್ಕೆ ಸಿಕ್ಕಿಸುತ್ತಿದ್ದಳು. ಬುಟ್ಟಿಯಿಂದ ಕತ್ತಿಯ ಎರಡು ಹಿಡಿಗಳು ಕೊಂಬಿನ ಹಾಗೆ ಹೊರಗೆ ಬಂದಿದ್ದವು. ದಪ್ಪಗಾಗಿದ್ದಾಳೆ. ಕನ್ನಡಕ ಬದಲಾಗಿದೆ. ಅವಳು ಮೇಲಿನ ಹಗ್ಗವನ್ನು ತನ್ನ ಕಡೆಗೆ ಎಳೆದಳು. ಬುಟ್ಟಿ ಕೆಳಗಿನ ಹಗ್ಗದಲ್ಲಿ ನನ್ನ ಕಡೆಗೆ ಹೊರಟಿತು.

ಮೇಲಿನ ಹಗ್ಗಕ್ಕೆ ಗೇಣಿಗೊಂದು ಕ್ಲಿಪ್ಪು ಹಾಕಿ ತಂತಿ ಬಿಗಿದದ್ದು ಅವಳಿಗೆ ನೆನಪಾಗಲಿಲ್ಲ. ನನಗೂ ಕೂಗಿ ಹೇಳಲು ಆಗಲಿಲ್ಲ. ಡಾಕ್ಟರು ಕೂಗಬೇಡಿ ಎಂದಿದ್ದಾರೆ.

ಹಗ್ಗದ ಜೊತೆಗೆ ತಂತಿಯೂ ಹೊರಟಿತು. ನನ್ನ ಬೆನ್ನ ಹಿಂದೆ ಫ್ರಿಜ್ಜಿನ ಮೇಲಿದ್ದ ಡಬ್ಬಿ, ಕಟ್ಟಡದ ಅಷ್ಟೂ ಮನೆಯ ತಂತಿಗಳ ಸಮೇತ, ನೆಗೆದು ರೊಟ್ಟಿಯ ಬುಟ್ಟಿಯೊಳಗೆ ಬಿತ್ತು. ಟಪ್ ಎಂದು ಪ್ಲಗ್ಗು ಕಿತ್ತುಬಂತು. ಐದನೇ ಮಹಡಿಯಿಂದ ಯಾರೋ “ನನ್ನ ಟ್ಯಾಂಕು!” ಎಂದು ಚೀರಿದರು. ಆ ಕಡೆ ಕ್ಲಿಪ್ಪುಗಳು ಜಾರಿ ಜಾರಿ ಒಂದರ ಮೇಲೊಂದು ಅವಳ ರಾಟೆಗೆ ಸಿಕ್ಕಿಕೊಂಡು ಹಗ್ಗ ನಿಂತೇಬಿಟ್ಟಿತು. ಅಮ್ಮನ ಕತ್ತಿ ಗಲ್ಲಿಯ ನಟ್ಟನಡುವೆ, ಮೂರು ಮಹಡಿ ಮೇಲೆ, ಬುಟ್ಟಿಯಲ್ಲಿ ತೂಗಾಡಿತು.

ಕೆಳಗೆ ಹುರುಳಿಗಾಡಿಯವನು ಮೇಲೆ ನೋಡಿದ. ಗಿರಾಕಿಗಳೂ ನೋಡಿದರು. ಅವನು ಗಾಡಿಯನ್ನು ತಳ್ಳಿಕೊಂಡು ಓಡಿದ ವೇಗ ನೋಡಿದರೆ, ಇಷ್ಟು ದಿನ ಕಾಲುನೋವು ಎಂದು ಹೇಳಿದ್ದು ಸುಳ್ಳು.

“ಎಳೀಬೇಡ!” ಎಂದು ಕೂಗಿದೆ.

“ಎಳೀತಿಲ್ಲ! ಸಿಕ್ಕಿಕೊಂಡಿದೆ!”

“ಹಿಂದಕ್ಕೆ ಬಿಡು!”

“ಗೇಣಿಗೊಂದು ಕ್ಲಿಪ್ಪು ಹಾಕಿದ ಮಹಾತಾಯಿ ಯಾರು?”

ಕ್ಲಿಪ್ಪುಗಳು ಸರಿಯಾಗಿಯೇ ಇದ್ದವು. ಎಳೆದದ್ದು ತಪ್ಪು. ಮಮ್ದೂಹ್ ಪೊರಕೆ ಹಿಡಿದು ಬಂದು ಗಾಳಿಯಲ್ಲಿ ಬೀಸಿದ. ಅದರಿಂದ ಏನಾಗಬೇಕಿತ್ತೋ ಅವನಿಗೇ ಗೊತ್ತಿಲ್ಲ. ಕೊನೆಗೆ ಅವಳು ಹಿಂದಕ್ಕೆ ಜಗ್ಗಿ ಜಗ್ಗಿ ಬುಟ್ಟಿಯನ್ನು ತನ್ನ ಕಡೆಗೇ ತಂದುಕೊಂಡಳು.

“ಬುಟ್ಟಿ ಬರಲ್ಲ” ಎಂದಳು, ಏದುಸಿರು ಬಿಡುತ್ತಾ.

ಗಲ್ಲಿಯ ಎರಡೂ ಬದಿಯ ಬಾಲ್ಕನಿಗಳಲ್ಲಿ ಜನ ನಿಂತಿದ್ದರು. ನನ್ನ ಸೊಪ್ಪು ಬಾಡುತ್ತಿತ್ತು.

“ನಿನಗೆ ಕಾಲಿಲ್ವಾ?” ಎಂದೆ.

ಅವಳು ಒಳಗೆ ಹೋದಳು. ನಾನೂ ಒಳಗೆ ಬಂದು ಬೆಳ್ಳುಳ್ಳಿ ಸುಲಿಯಲು ಕೂತೆ. ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ಬಡಿದರು. ತೆಗೆದರೆ ನಮ್ಮ ಕಟ್ಟಡದ ಕಾವಲಿನ ಗಾದ್. ಮುಖ ಬಿಳಿಚಿತ್ತು.

“ಹಾಜಿಯಮ್ಮ, ಬಾಗಿಲು ಹಾಕ್ಕೊಳಿ! ನಿಮ್ಮ ತಂಗಿ ಕತ್ತಿ ಹಿಡ್ಕೊಂಡು ಮೆಟ್ಟಿಲು ಹತ್ತುತಾ ಇದಾರೆ! ಎಲ್ಲಿಗೆ ಅಂತ ಕೇಳ್ದೆ. ‘ಅವಳದ್ದು ಇವತ್ತು ಮುಗಿಸ್ತೀನಿ’ ಅಂದ್ರು!”

“ಸೊಪ್ಪಿನ ಕೆಲಸ ಕಣಯ್ಯಾ. ಪಕ್ಕಕ್ಕೆ ಸರಿ, ಅವಳಿಗೆ ಮಂಡಿ ನೋವು.”

ಅವನು ಸರಿಯಲಿಲ್ಲ. ನನ್ನ ಮುಂದೆ ಎರಡೂ ಕೈ ಚಾಚಿ ಅಡ್ಡ ನಿಂತ. ಒಳ್ಳೆಯ ಮನುಷ್ಯ, ತಲೆ ಸ್ವಲ್ಪ ಕಡಿಮೆ. ರತೀಬಾ ಕೊನೆಯ ಮೆಟ್ಟಿಲ ಹತ್ತಿರ ಗೋಡೆ ಹಿಡಿದು ನಿಂತಳು. ಇನ್ನೊಂದು ಕೈಯಲ್ಲಿ ಕತ್ತಿ ಹೊಳೆಯುತ್ತಿತ್ತು. ಮೂರು ವರ್ಷವೂ ಎಣ್ಣೆ ಹಚ್ಚಿ ಇಟ್ಟಿದ್ದಾಳೆ.

“ಇವನನ್ನ ಯಾಕೆ ಅಡ್ಡ ನಿಲ್ಲಿಸಿದೀಯಾ ಅಕ್ಕ? ಹೆದರಿಕೇನಾ?” ಎಂದಳು.

“ಬೆಳ್ಳುಳ್ಳಿ ಸುಲಿದಾಗಿದೆ” ಎಂದೆ. “ಕೈ ತೊಳ್ಕೊಂಡು ಬಾ.”

ಒಂದು ಹಿಡಿ ನಾನು, ಒಂದು ಹಿಡಿ ಅವಳು ಹಿಡಿದು ಕೊಚ್ಚಿದೆವು. ಅಮ್ಮ ನಮ್ಮಿಬ್ಬರ ಕೈಯಲ್ಲಿ ಹಾಗೇ ಕೊಚ್ಚಿಸುತ್ತಿದ್ದಳು, ಜಗಳ ಆಡದಿರಲಿ ಎಂದು. ಸೊಪ್ಪು ರೇಷ್ಮೆಯ ಹಾಗೆ ಬಂತು. ಒಗ್ಗರಣೆ ಸುರಿಯುವಾಗ ಇಬ್ಬರೂ ಒಟ್ಟಿಗೆ ಉಸಿರೆಳೆದೆವು. ನಾನು ಸರಿಯಾದ ಹೊತ್ತಿಗೆ ಎಳೆದೆ. ಅವಳು ತಡ ಮಾಡಿದಳು.

ಹೊಸ್ತಿಲ ಆಚೆ ನಿಂತೇ ಇದ್ದ ಗಾದ್‌ಗೂ ಒಂದು ಬಟ್ಟಲು ಕೊಟ್ಟೆ.

ಮೇ 31, ಶನಿವಾರ

ಇವತ್ತು ನೆಟ್‌ವರ್ಕ್ ಸರಿಮಾಡಿದೆವು. ಪರೀಕ್ಷೆಗೆ ದಿನ ಉಳಿದಿಲ್ಲ, ಹುಡುಗಿಯರು ಅಳುವುದೊಂದು ಬಾಕಿ. ಮಮ್ದೂಹನಿಗೆ ಹೊಸ ತಂತಿ ತರಲು ಹೇಳಿದೆ, ಒಳ್ಳೆಯದು, ನೀಲಿಯದೇ. ಪ್ಲಗ್ಗನ್ನು ನಾನೇ ಹಾಕಿದೆ; ನೆರ್ಮೀನಳ ಕೈಗೆ ಪುಸ್ತಕ ಕೊಟ್ಟು ಒಳಗೆ ಕಳಿಸಿದೆ. ರತೀಬಾ ಪಕ್ಕದಲ್ಲಿ ಕೂತು, ಕೇಳದಿದ್ದರೂ ಸಲಹೆ ಕೊಡುತ್ತಿದ್ದಳು.

“ಹಸಿರು ಜೋಡೀನ ಯಾಕೆ ಅಗಲಿಸ್ತೀಯಾ? ಮಧ್ಯ ನೀಲಿ ಬಂತಲ್ಲ.”

“ಅದು ಹಾಗೇ ಇರಬೇಕು.”

“ಯಾರು ಹೇಳಿದ್ದು?”

“ನಾನು ಹೇಳ್ತಿದೀನಿ.”

ತಂತಿ ಕೆಲಸ ಮಾಡಿತು. ಈ ಸಲ ಅದನ್ನು ರಾಟೆಯ ಹಗ್ಗಕ್ಕೆ ಕಟ್ಟಿಲ್ಲ, ಬೇರೆ ಹಗ್ಗ ಎಳೆಸಿದ್ದೇನೆ. ರಾಟೆಗೆ ಎಣ್ಣೆ ಬಿಟ್ಟೆ. ಬುಟ್ಟಿಗೆ ಬೇಕಾಗುತ್ತದೆ.

ಸಂಜೆ ಇಸಾಮ್ ತಾಯಿಯನ್ನು ಹುಡುಕಿಕೊಂಡು ಬಂದ. ಬೆವರಿದ್ದ, ಕೈಯಲ್ಲಿ ಸುತ್ತಿದ ಹಗ್ಗದ ಉಂಡೆ.

“ಅಮ್ಮ, ನಿನ್ನ ಕೋಣೆ ಸಾಮಾನು ಇನ್ನೂ ಹಾಗೇ ಇದೆ. ಪೆಟ್ಟಿಗೆ ಮತ್ತೆ ಬಿಚ್ಚಿದೀಯ. ಯಾವಾಗ ಕಟ್ಟೋದು?”

“ನಾನು ಬರಲ್ಲ ಕಣೋ” ಎಂದಳು ರತೀಬಾ. “ರದ್ವಾಗೂ ಕಾಲೇಜು ಇಲ್ಲೇ ಆಗತ್ತೆ. ನಾವಿಬ್ಬರೂ ಇಲ್ಲೇ ಇರ್ತೀವಿ. ನೀನು ನಿನ್ನ ಹೆಂಡತಿ ಹೋಗಿ, ಶುಕ್ರವಾರ ಬನ್ನಿ.”

“ಅಲ್ಲಿ ಲಿಫ್ಟ್ ಇದೆ! ಗಾಳಿ ಇದೆ! ಯಾಕಮ್ಮ ಬರಲ್ಲ?”

“ನೂರು ಮೀಟರ್ ದಾಟಿದ್ರೆ ಏನೂ ತಲುಪಲ್ಲವಂತೆ.”

ಇಸಾಮ್ ನನ್ನ ಕಡೆ ನೋಡಿದ, ಸಹಾಯಕ್ಕೆ.

“ಮಧ್ಯ ಬರೀ ಮರಳು” ಎಂದೆ. “ಡಬ್ಬಿ ಇಡೋಕೆ ಜಾಗ ಇಲ್ಲ. ನಾನು ವಿಚಾರಿಸಿದೀನಿ.”

ರತೀಬಾ ನನ್ನ ಕಡೆ ತಿರುಗಿದಳು. “ವಿಚಾರಿಸಿದೆಯಾ? ಯಾವಾಗ?”

ಪರೀಕ್ಷೆಯ ಮನೆಯಲ್ಲಿ ಇಷ್ಟೊಂದು ಮಾತು ಒಳ್ಳೆಯದಲ್ಲ ಎಂದು ಹೇಳಿ ಎದ್ದು ಒಳಗೆ ಹೋದೆ.

ಜೂನ್ 9

ಡಾಕ್ಟರಲ್ಲಿಗೆ ಹೋಗಿದ್ದೆ. ರಕ್ತದೊತ್ತಡ ಇಳಿದಿದೆ. “ನೋಡಿದ್ರಾ, ಬರೆದದ್ದು ಕೆಲಸ ಮಾಡ್ತು” ಎಂದರು. ಅವರು ಓದಿದವರು, ಅವರಿಗೆ ಗೊತ್ತಿರುತ್ತದೆ.

ಹುಡುಗಿಯರ ಭೌತಶಾಸ್ತ್ರ ಮುಗಿಯಿತು. ಚೆನ್ನಾಗಿ ಬರೆದಿದ್ದಾರಂತೆ. ತಾಮ್ರದ ಪಾತ್ರೆ ಈ ವಾರ ಆ ಕಡೆ ಇದೆ, ಕತ್ತಿ ಈ ಕಡೆ ಇದೆ. ಯಾರದ್ದು ಯಾವುದು ಎಂದು ಸೌಸನ್ ಕೇಳಿದಳು. ಅವಳ ಕೆಲಸ ನೋಡಿಕೊಳ್ಳಲು ಹೇಳಿದೆ.

ಇವತ್ತು ಇಷ್ಟೇ ಬರೆಯುತ್ತೇನೆ. ಸ್ಪೀಕರಿನಲ್ಲಿ ರತೀಬಾ ಕರೆಯುತ್ತಿದ್ದಾಳೆ, ಎರಡು ಸಲ ಆಯಿತು. ಕೇಳಿಸದವಳ ಹಾಗೆ ಕೂತಿದ್ದೇನೆ.

ಇನ್ನೊಂದು ಸಲ ಕರೆಯಲಿ.